ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ: ಅಂಕ ಮರೆತು ತಪ್ಪು ಉತ್ತರ ಓದುವವರಿಗೆ

ನ್ಯೂಟನ್ನನ ಮೂರೂ ನಿಯಮಗಳನ್ನು ಒಂದಕ್ಷರ ತಪ್ಪದೆ ಬರೆಯುವ ವಿದ್ಯಾರ್ಥಿಗೆ ಒಂದು ಸಣ್ಣ ಪ್ರಶ್ನೆ ಹಾಕಿ ನೋಡಿ: ಮೇಲಕ್ಕೆ ಎಸೆದ ಚೆಂಡು ಕೈಬಿಟ್ಟ ಮೇಲೆ, ಇನ್ನೂ ಮೇಲಕ್ಕೇ ಹೋಗುತ್ತಿರುವಾಗ, ಅದರ ಮೇಲೆ ಯಾವ ಯಾವ ಬಲಗಳಿವೆ? ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದೂ ಹೇಳಿ. ‘ಗುರುತ್ವ ಬಲ ಕೆಳಕ್ಕೆ, ಕೈ ಕೊಟ್ಟ ಬಲ ಮೇಲಕ್ಕೆ’ ಎಂಬ ಉತ್ತರ ತರಗತಿಯ ಮುಂದಿನ ಬೆಂಚಿನಿಂದಲೂ ಬರುತ್ತದೆ. ಬಲ ಎಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂದು ಹತ್ತು ಲೆಕ್ಕ ಸರಿ ಮಾಡಿದವರೂ ಹೀಗೇ ಹೇಳುತ್ತಾರೆ. ಆದರೆ ಆಗ ಚೆಂಡಿನ ಮೇಲಿರುವುದು ಗುರುತ್ವ ಬಲ ಒಂದೇ. ಈ ತಪ್ಪು ವಾರ್ಷಿಕ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ಏಕೆಂದರೆ ಅಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಇದನ್ನೇ ಕೇಳಲೆಂದು ಮಾಡಿದ ಸಾಧನ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ, ಎಲ್ಲರ ಬಾಯಲ್ಲಿ ಎಫ್‌ಸಿಐ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಲ ಮತ್ತು ಚಲನೆಯ ಬಗ್ಗೆ ಇಡೀ ತರಗತಿಯ ತಲೆಯಲ್ಲಿ ಏನಿದೆ ಎಂದು ಅರ್ಧ ಗಂಟೆಯಲ್ಲಿ ತೋರಿಸುವುದಕ್ಕೆ ಇದಕ್ಕಿಂತ ಚೆನ್ನಾಗಿ ಪಳಗಿದ ಪ್ರಶ್ನೆಪತ್ರಿಕೆ ಸಿಗುವುದು ಕಷ್ಟ. ಆದರೆ ಒಬ್ಬ ವಿದ್ಯಾರ್ಥಿಯ ಎದುರು ಕುಳಿತು ‘ನಿನ್ನ ತೊಂದರೆ ಇಂಥದ್ದು’ ಎಂದು ಹೇಳಲು ಇದೊಂದೇ ಸಾಲದು. ಒಟ್ಟು ಅಂಕವನ್ನಷ್ಟೇ ನೋಡಿ ಹಾಳೆಯನ್ನು ಬೀರುವಿಗೆ ಹಾಕುವವರಿಗಂತೂ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ.

1985ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೆನಿಸ್ ರೂಪಿಸಿದ ಯಂತ್ರವಿಜ್ಞಾನದ ಪರೀಕ್ಷೆಯೊಂದು ಇದರ ಬೇರು. ಹೆಸ್ಟೆನಿಸ್, ಮಾಲ್ಕಮ್ ವೆಲ್ಸ್, ಗ್ರೆಗ್ ಸ್ವಾಕ್‌ಹ್ಯಾಮರ್ ಸೇರಿ ಅದನ್ನು ತಿದ್ದಿ 1992ರಲ್ಲಿ ಎಫ್‌ಸಿಐ ಹೆಸರಿನಲ್ಲಿ ಹೊರತಂದರು. ವೆಲ್ಸ್ ಸ್ವತಃ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಪ್ರಶ್ನೆಗಳು ತರಗತಿಯ ಮಾತಿಗೆ ಹತ್ತಿರವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಮೊದಲ ಆವೃತ್ತಿಯಲ್ಲಿ 29 ಪ್ರಶ್ನೆಗಳಿದ್ದವು. ಈಗ ಬಳಕೆಯಲ್ಲಿರುವುದು 1995ರ ಪರಿಷ್ಕೃತ ಆವೃತ್ತಿ: 30 ಪ್ರಶ್ನೆ, ಪ್ರತಿಯೊಂದಕ್ಕೂ ಐದು ಆಯ್ಕೆ, ಸುಮಾರು 30 ನಿಮಿಷ. ಕ್ಯಾಲ್ಕ್ಯುಲೇಟರ್ ಬೇಡ, ಸೂತ್ರ ಬೇಡ, ಇಡೀ ಪತ್ರಿಕೆಯಲ್ಲಿ ಲೆಕ್ಕ ಎಂಬುದೇ ಇಲ್ಲ. ಶಿಕ್ಷಕರಿಗೆ ಉಚಿತ, ಫಿಸ್‌ಪೋರ್ಟ್ ತಾಣದಲ್ಲಿ ತಾವು ಕಲಿಸುವವರು ಎಂದು ದೃಢಪಡಿಸಿ ಪಡೆಯಬೇಕು. ಪ್ರಶ್ನೆಗಳು ಬಯಲಾದರೆ ಪರೀಕ್ಷೆಯೇ ಸತ್ತಂತೆ. ಹಾಗಾಗಿ ಇಲ್ಲಿಯೂ ಪ್ರಶ್ನೆಗಳನ್ನು ಯಥಾವತ್ತಾಗಿ ಕೊಟ್ಟಿಲ್ಲ, ಸರಿಯುತ್ತರದ ಅಕ್ಷರಗಳನ್ನೂ ಹೇಳಿಲ್ಲ.

ಸಾಧನದ ನಿಜವಾದ ಕಸುಬುಗಾರಿಕೆ ಇರುವುದು ತಪ್ಪು ಆಯ್ಕೆಗಳಲ್ಲಿ. ಸಾಮಾನ್ಯ ಬಹು ಆಯ್ಕೆ ಪತ್ರಿಕೆಯಲ್ಲಿ ಪ್ರಶ್ನೆ ತಯಾರಿಸುವವರು ಸರಿಯುತ್ತರ ಬರೆದು, ಉಳಿದ ಜಾಗವನ್ನು ಕೈಗೆ ಸಿಕ್ಕದ್ದರಿಂದ ತುಂಬುತ್ತಾರೆ. ಇಲ್ಲಿ ಹಾಗಲ್ಲ. ಹಿಂದಿನ ಪರೀಕ್ಷೆಯನ್ನು ಮೊದಲು ಆಯ್ಕೆಗಳೇ ಇಲ್ಲದೆ ಕೊಟ್ಟು, ವಿದ್ಯಾರ್ಥಿಗಳು ತಮ್ಮ ಮಾತಿನಲ್ಲಿ ಬರೆದ ತಪ್ಪುಗಳನ್ನೇ ಆರಿಸಿ ಆಯ್ಕೆಗಳಾಗಿಸಿದ್ದಾರೆ. ಆದ್ದರಿಂದ ತಪ್ಪು ತಿಳಿದವರಿಗೆ ತಪ್ಪು ಆಯ್ಕೆಯೇ ಸಹಜವಾಗಿ, ತಮ್ಮ ಮಾತೇ ಅಚ್ಚಾದಂತೆ ಕಾಣುತ್ತದೆ. ಇದರ ಒಂದು ಪರಿಣಾಮ ಗಮನಿಸಬೇಕು. ಕಣ್ಣು ಮುಚ್ಚಿ ಗುರುತು ಹಾಕಿದರೂ ಐದರಲ್ಲೊಂದು, ಅಂದರೆ 30ಕ್ಕೆ 6 ಸರಿಯಾಗಬೇಕು. ಪಾಠಕ್ಕೆ ಮೊದಲು ಕೊಟ್ಟಾಗ ಕೆಲವು ಪ್ರಶ್ನೆಗಳಲ್ಲಿ ತರಗತಿಯ ಸರಿಯುತ್ತರ ಶೇಕಡಾ 20ಕ್ಕಿಂತಲೂ ಕೆಳಗಿಳಿಯುತ್ತದೆ. ಅದು ದಡ್ಡತನದ ಗುರುತಲ್ಲ. ಆ ವಿದ್ಯಾರ್ಥಿಗಳು ಊಹಿಸುತ್ತಿಲ್ಲ, ಗಟ್ಟಿಯಾದ ಒಂದು ನಂಬಿಕೆಯಿಂದ ಉತ್ತರಿಸುತ್ತಿದ್ದಾರೆ.

ಪತ್ರಿಕೆಯನ್ನು 1ರಿಂದ 30ರವರೆಗೆ ಸಾಲಾಗಿ ಓದಿದರೆ ಈ ನಂಬಿಕೆಗಳು ಕಾಣುವುದಿಲ್ಲ, ಗುಂಪು ಮಾಡಿಯೇ ಓದಬೇಕು. ಎಲ್ಲಕ್ಕಿಂತ ಸ್ಪಷ್ಟವಾದ ಗುಂಪು ಮೂರನೆಯ ನಿಯಮದ್ದು (ಎರಡು ವಸ್ತುಗಳು ಒಂದರ ಮೇಲೊಂದು ಹಾಕುವ ಬಲಗಳು ಯಾವಾಗಲೂ ಸಮ): 4, 15, 16, 28. ದೊಡ್ಡ ವಾಹನ ಚಿಕ್ಕದಕ್ಕೆ ಗುದ್ದಿದಾಗ, ಒಬ್ಬರು ಇನ್ನೊಬ್ಬರನ್ನು ತಳ್ಳಿದಾಗ ಯಾರು ಯಾರ ಮೇಲೆ ಎಷ್ಟು ಬಲ ಹಾಕುತ್ತಾರೆ ಎಂಬ ಬಗೆಯವು. ಇಲ್ಲಿ ಎರಡು ತಪ್ಪುಗಳು ಬೇರೆ ಬೇರೆಯಾಗಿ ಎದ್ದುಕಾಣುತ್ತವೆ. ಒಂದು, ‘ಭಾರ ಹೆಚ್ಚಿದ್ದರೆ ಬಲ ಹೆಚ್ಚು’. ಇನ್ನೊಂದು, ‘ತಳ್ಳುವವನೇ ಬಲ ಹಾಕುವವನು, ತಳ್ಳಿಸಿಕೊಳ್ಳುವವನು ಸುಮ್ಮನಿರುತ್ತಾನೆ’. ದೊಡ್ಡದನ್ನು ಚಿಕ್ಕದು ತಳ್ಳುವ ಸನ್ನಿವೇಶದಲ್ಲಿ ಈ ಎರಡು ನಂಬಿಕೆಗಳೂ ಒಂದಕ್ಕೊಂದು ಎದುರಾಗುತ್ತವೆ. ವಿದ್ಯಾರ್ಥಿ ಯಾವುದನ್ನು ಬಿಟ್ಟು ಯಾವುದನ್ನು ಹಿಡಿದ ಎಂಬುದು ಪಾಠ ಮಾಡುವವರಿಗೆ ನೇರವಾಗಿ ಬೇಕಾದ ಸುದ್ದಿ.

ಈ ಗುಂಪಿನಲ್ಲಿ 16ನೆಯದನ್ನು ಒಂಟಿಯಾಗಿ ನಂಬಬಾರದು. 15 ಮತ್ತು 16 ಒಂದೇ ಸನ್ನಿವೇಶದ ಎರಡು ಘಟ್ಟಗಳು: ಮೊದಲನೆಯದರಲ್ಲಿ ವಾಹನಗಳ ಜವ ಏರುತ್ತಿದೆ, ಎರಡನೆಯದರಲ್ಲಿ ಜವ ಸ್ಥಿರವಾಗಿದೆ. ಜವ ಸ್ಥಿರವಾಗಿದೆ ಎಂದ ಕೂಡಲೇ ‘ಹಾಗಾದರೆ ಬಲಗಳು ಸಮ’ ಎಂದು ಹೇಳುವ ವಿದ್ಯಾರ್ಥಿಗೆ 16ರಲ್ಲಿ ಅಂಕ ಸಿಗುತ್ತದೆ. ಅವನು ಬಳಸಿದ್ದು ಮೊದಲ ನಿಯಮದ ನೆರಳನ್ನು, ಅದೂ ತಪ್ಪು ಜಾಗದಲ್ಲಿ: ಒಂದೇ ವಸ್ತುವಿನ ಮೇಲಿನ ಬಲಗಳು ಸಮವಾಗುವುದಕ್ಕೂ ಎರಡು ವಸ್ತುಗಳು ಪರಸ್ಪರ ಹಾಕುವ ಬಲಗಳು ಸಮವಾಗಿರುವುದಕ್ಕೂ ಇರುವ ವ್ಯತ್ಯಾಸ ಅವನಿಗೆ ಗೊತ್ತಿಲ್ಲ. 16 ಸರಿ, 15 ತಪ್ಪು ಎಂದಾದರೆ ಮೂರನೆಯ ನಿಯಮ ಇನ್ನೂ ದಕ್ಕಿಲ್ಲ ಎಂದೇ ಬರೆದುಕೊಳ್ಳಿ. ನಾಲ್ಕೂ ಸರಿ ಇದ್ದರೆ ಮಾತ್ರ ಮುಂದಕ್ಕೆ.

ಎರಡನೆಯ ದೊಡ್ಡ ಗುಂಪು ‘ಚಲಿಸುವುದರ ಒಳಗೆ ಬಲ ತುಂಬಿದೆ’ ಎಂಬ ನಂಬಿಕೆಯದು: 5, 11, 13, 18, 30. ಚಲನೆಯ ದಿಕ್ಕಿನಲ್ಲಿ ಒಂದು ಬಲ ಇದ್ದೇ ಇರಬೇಕು ಎಂಬ ಈ ಭಾವನೆ ಹೈಸ್ಕೂಲಿನಲ್ಲಿ ಅತ್ಯಂತ ಜಿಗುಟಾದದ್ದು. ಆದರೆ ಎಲ್ಲರಲ್ಲೂ ಒಂದೇ ರೂಪದಲ್ಲಿರುವುದಿಲ್ಲ. ಮೇಲಕ್ಕೆ ಎಸೆದ ಚೆಂಡನ್ನೇ ತೆಗೆದುಕೊಳ್ಳಿ. ಕೈಯ ಬಲ ಚೆಂಡಿನೊಳಗೆ ಸೇರಿಕೊಂಡು ಸ್ವಲ್ಪ ಸ್ವಲ್ಪವೇ ಖರ್ಚಾಗುತ್ತದೆ ಎನ್ನುವವರು ಒಂದು ಬಗೆ. ತುತ್ತತುದಿಯಲ್ಲಿ ಕೈಯ ಬಲ ಮತ್ತು ಗುರುತ್ವ ಸಮವಾಗುತ್ತವೆ, ಅದಕ್ಕೇ ಚೆಂಡು ನಿಲ್ಲುತ್ತದೆ ಎನ್ನುವವರೂ ಇದೇ ಜಾತಿ, ಆದರೆ ಇವರ ತಲೆಯಲ್ಲಿ ಸೊನ್ನೆ ವೇಗ ಎಂದರೆ ಸೊನ್ನೆ ಬಲ ಎಂಬ ಇನ್ನೊಂದು ಗಂಟೂ ಇದೆ. ಮೂರನೆಯವರು ಗುರುತ್ವ ಬಲವೇ ಇಳಿಯುವಾಗ ಶುರುವಾಗುತ್ತದೆ, ಕೆಳಗೆ ಬಂದಂತೆ ಹೆಚ್ಚುತ್ತದೆ ಎನ್ನುತ್ತಾರೆ. ಮೂವರಿಗೂ ಅಂಕ ಸೊನ್ನೆಯೇ, ಆದರೆ ಕೊಡಬೇಕಾದ ಪಾಠ ಮೂರು ಬಗೆ. ಮೊದಲಿನವರನ್ನು ‘ಈಗ ಚೆಂಡನ್ನು ಮುಟ್ಟುತ್ತಿರುವುದು ಯಾವುದು?’ ಎಂಬ ಪ್ರಶ್ನೆಗೆ ಮತ್ತೆ ಮತ್ತೆ ಎಳೆತರಬೇಕು. ಎರಡನೆಯವರಿಗೆ ತುದಿಯಲ್ಲಿ ಬಲವೂ ಸೊನ್ನೆಯಾದರೆ ಚೆಂಡು ಅಲ್ಲೇ ನಿಂತಿರಬೇಕಿತ್ತಲ್ಲ ಎಂದು ಅವರ ಮಾತನ್ನೇ ಮುಂದಕ್ಕೆ ಒಯ್ದು ತೋರಿಸಬೇಕು. ಮೂರನೆಯವರಿಗೆ ವೇಗ ಮತ್ತು ವೇಗದ ಬದಲಾವಣೆ ಬೇರ್ಪಟ್ಟಿಲ್ಲ, ಅವರನ್ನು ಚಲನೆಯ ನಕ್ಷೆಗಳಿಗೆ ವಾಪಸು ಕರೆದೊಯ್ಯಬೇಕು. ಎಫ್‌ಸಿಐಯ ಬೆಲೆ ಇರುವುದೇ ಇಲ್ಲಿ: ಯಾವ ಅಕ್ಷರಕ್ಕೆ ಗುರುತು ಹಾಕಿದ್ದಾರೆ ಎಂಬುದರಿಂದಲೇ ಈ ಬೇರ್ಪಡಿಕೆ ಬಹುಮಟ್ಟಿಗೆ ಆಗಿಬಿಡುತ್ತದೆ.

ಉಳಿದ ಗುಂಪುಗಳು ಚಿಕ್ಕವು. 19 ಸ್ಥಾನಕ್ಕೂ ಜವಕ್ಕೂ ಆಗುವ ಗೊಂದಲವನ್ನು ಹಿಡಿಯುತ್ತದೆ (ಇಬ್ಬರು ಒಂದೇ ಕಡೆ ಇದ್ದರೆ ಒಂದೇ ಜವದಲ್ಲಿದ್ದಾರೆ ಎಂಬ ಎಣಿಕೆ), 20 ಜವಕ್ಕೂ ವೇಗೋತ್ಕರ್ಷಕ್ಕೂ ಆಗುವ ಗೊಂದಲವನ್ನು. 25ರಿಂದ 27 ಸ್ಥಿರ ಬಲ ಎಂದರೆ ಸ್ಥಿರ ಜವ ಎಂಬ ನಂಬಿಕೆಗೆ. 29 ನೆಲ, ಮೇಜು ಮುಂತಾದ ಸುಮ್ಮನಿರುವ ವಸ್ತುಗಳೂ ಬಲ ಹಾಕುತ್ತವೆ ಎಂದು ಒಪ್ಪದವರಿಗೆ.

ಇನ್ನು ಕೊರತೆಗಳು. ಪತ್ರಿಕೆ ಆರು ಆಯಾಮಗಳನ್ನು ಅಳೆಯುತ್ತದೆ ಎಂದು ರೂಪಿಸಿದವರು ಹೇಳಿದ್ದರು: ಚಲನೆಯ ವಿವರಣೆ, ಮೂರು ನಿಯಮಗಳು, ಬಲಗಳ ಕೂಡುವಿಕೆ, ಬಲದ ಬಗೆಗಳು. 1995ರಲ್ಲಿ ಹಫ್‌ಮನ್ ಮತ್ತು ಹೆಲ್ಲರ್ ಉತ್ತರಗಳನ್ನು ಸಂಖ್ಯಾಶಾಸ್ತ್ರದ ಜರಡಿ ಹಿಡಿದಾಗ ಈ ಆರು ಅಷ್ಟು ಸ್ಪಷ್ಟವಾಗಿ ಬೇರ್ಪಡಲಿಲ್ಲ. ವಾದ ಬಹಳ ದಿನ ನಡೆಯಿತು. ಇದಕ್ಕಿಂತ ತರಗತಿಗೆ ನೇರವಾಗಿ ತಟ್ಟುವ ಸಂಗತಿ 2011ರಲ್ಲಿ ಲಾಸ್ರಿ ಮತ್ತು ಸಂಗಡಿಗರು ತೋರಿಸಿದ್ದು. ಅದೇ ವಿದ್ಯಾರ್ಥಿಗಳಿಗೆ ಪತ್ರಿಕೆಯನ್ನು ಮತ್ತೊಮ್ಮೆ ಕೊಟ್ಟಾಗ ಒಟ್ಟು ಅಂಕ ಹೆಚ್ಚು ಅಲುಗಲಿಲ್ಲ, ಆದರೆ ಬಿಡಿ ಪ್ರಶ್ನೆಗಳ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಬದಲಾಗಿತ್ತು. ಒಂದೇ ಪ್ರಶ್ನೆಯ ಮೇಲೆ ಒಬ್ಬ ಹುಡುಗಿಗೆ ‘ಇಂಥ ತಪ್ಪು ಕಲ್ಪನೆ ಇದೆ’ ಎಂದು ಹಣೆಪಟ್ಟಿ ಕಟ್ಟಬಾರದು ಎಂಬುದಕ್ಕೆ ಇದಕ್ಕಿಂತ ಕಾರಣ ಬೇಕಿಲ್ಲ. ಗುಂಪಿನ ಮೂರು ನಾಲ್ಕು ಪ್ರಶ್ನೆಗಳಲ್ಲಿ ಅದೇ ಬಗೆಯ ತಪ್ಪು ಮರುಕಳಿಸಿದರೆ ಮಾತ್ರ ಅದು ರೋಗಲಕ್ಷಣ.

ಸನ್ನಿವೇಶಗಳ ಆಯ್ಕೆಯಲ್ಲೂ ತಕರಾರಿದೆ. ಐಸ್ ಹಾಕಿ, ರಾಕೆಟ್, ಫಿರಂಗಿ, ವಿಮಾನದಿಂದ ಬೀಳುವ ಬೌಲಿಂಗ್ ಚೆಂಡು ಎಲ್ಲ ಓದುಗರಿಗೂ ಸಮಾನ ಪರಿಚಿತವಲ್ಲ. ಒಂದೇ ಮಟ್ಟದ ತಿಳಿವಳಿಕೆ ಇರುವ ಹುಡುಗರು ಮತ್ತು ಹುಡುಗಿಯರನ್ನು ಹೋಲಿಸಿದ ಅಧ್ಯಯನಗಳಲ್ಲಿ ಕೆಲವು ಪ್ರಶ್ನೆಗಳು, ಮುಖ್ಯವಾಗಿ 14 ಮತ್ತು 23, ಹುಡುಗಿಯರಿಗೆ ಅನ್ಯಾಯವಾಗಿ ಕಷ್ಟವಾಗಿರುವುದು ಕಂಡುಬಂದಿದೆ. ಆದ್ದರಿಂದ ಹುಡುಗ–ಹುಡುಗಿಯರ ಸರಾಸರಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಮಾನಕ್ಕೆ ಹಾರುವವರು ಮೊದಲು ಆ ಪ್ರಶ್ನೆಗಳನ್ನು ಬದಿಗಿಟ್ಟು ಲೆಕ್ಕ ಹಾಕಲಿ. ಭಾಷೆಯೂ ಹೈಸ್ಕೂಲಿನ ಕೆಳಗಿನ ತರಗತಿಗೆ ಉದ್ದವಾಯಿತು. ಸರಳ ವಾಕ್ಯಗಳ ಆವೃತ್ತಿಯೊಂದು ಇದೆ, ಅಲ್ಲಿಗೆ ಅದೇ ಮೇಲು.

ಹೈಸ್ಕೂಲಿನ ಮೊದಲ ವರ್ಷಗಳಲ್ಲಿ 30 ಪ್ರಶ್ನೆಗಳನ್ನೂ ಕೊಡುವ ಹಟ ಬೇಡ. ಎರಡು ದಿಕ್ಕಿನ ಚಲನೆಯನ್ನು ಇನ್ನೂ ಮುಟ್ಟದವರಿಗೆ 8ರಿಂದ 11, 12, 14, 21ರಿಂದ 24 ರೋಗನಿರ್ಣಯ ಮಾಡುವುದಿಲ್ಲ, ಸುಸ್ತು ಮಾಡುತ್ತವೆ. ಪಾಠಕ್ಕೆ ಬೇಕಾದ 10–12 ಪ್ರಶ್ನೆ ಆರಿಸಿಕೊಳ್ಳಿ, ಉಳಿದ ಸಮಯವನ್ನು ಉತ್ತರದ ಹಾಳೆಯಲ್ಲಿ ಸೇರಿಸುವ, ಮುಂದೆ ಹೇಳುವ ಎರಡು ಹೆಚ್ಚುವರಿ ಕಂಬಗಳಿಗೆ (ಕಾಲಂಗಳಿಗೆ) ಕೊಡಿ. ಒಂದೇ ನಿಬಂಧನೆ: ಹೀಗೆ ಕತ್ತರಿಸಿದ ಪತ್ರಿಕೆಯ ಅಂಕವನ್ನು ಬೇರೆಡೆ ಪ್ರಕಟವಾದ ಎಫ್‌ಸಿಐ ಸರಾಸರಿಗಳ ಜೊತೆ ಹೋಲಿಸುವಂತಿಲ್ಲ. ಶೇಕಡಾ 60 ನ್ಯೂಟನ್ ಚಿಂತನೆಯ ಹೊಸ್ತಿಲು, ಶೇಕಡಾ 85 ಪ್ರಭುತ್ವ ಎಂದು ಹೆಸ್ಟೆನಿಸ್ ಮತ್ತು ಹಲ್ಲೂನ್ ಹೇಳಿದ ಗೆರೆಗಳೂ ಇಡೀ ಪತ್ರಿಕೆಗೆ ಮಾತ್ರ.

ಮೊದಲ ಕಂಬ ಭರವಸೆಯದು. ಪ್ರತಿ ಉತ್ತರದ ಪಕ್ಕದಲ್ಲಿ 0ಯಿಂದ 5ರವರೆಗೆ ಒಂದು ಅಂಕಿ ಬರೆಸಿ: 0 ಎಂದರೆ ಪೂರಾ ಊಹೆ, 5 ಎಂದರೆ ಅನುಮಾನವೇ ಇಲ್ಲ. 1999ರಲ್ಲಿ ಹಸನ್, ಬಗಾಯೊಕೊ, ಕೆಲ್ಲಿ ಮುಂದಿಟ್ಟ ಈ ವಿಧಾನದ ತಿರುಳು ಸರಳ. ತಪ್ಪು ಉತ್ತರ, ಭರವಸೆ 0–2: ವಿಷಯ ಗೊತ್ತಿಲ್ಲ, ಪಾಠ ಮಾಡಿದರೆ ಸಾಕು. ತಪ್ಪು ಉತ್ತರ, ಭರವಸೆ 3–5: ಇದು ತಪ್ಪು ಕಲ್ಪನೆ, ಬರೀ ಪಾಠ ಇದನ್ನು ಅಲ್ಲಾಡಿಸುವುದಿಲ್ಲ. ಸರಿ ಉತ್ತರ, ಭರವಸೆ 0–2: ಅದೃಷ್ಟ, ಅಂಕಕ್ಕೆ ಖುಷಿಪಡಬೇಡಿ. ಬರೀ ಎಫ್‌ಸಿಐ ಅಜ್ಞಾನವನ್ನೂ ತಪ್ಪು ಕಲ್ಪನೆಯನ್ನೂ ಒಂದೇ ಸೊನ್ನೆಯಲ್ಲಿ ಮುಚ್ಚಿಡುತ್ತದೆ, ಈ ಕಂಬ ಅವೆರಡನ್ನು ಬೇರೆ ಮಾಡುತ್ತದೆ. ತೊಂದರೆ ಎಂದರೆ ಕೆಲವರು ಸ್ವಭಾವತಃ ಎಲ್ಲಕ್ಕೂ 5 ಹಾಕುತ್ತಾರೆ, ಕೆಲವರು 3 ದಾಟುವುದೇ ಇಲ್ಲ. ಹಾಗಾಗಿ ಒಬ್ಬೊಬ್ಬರ ಅಂಕಿಯನ್ನು ಅವರದೇ ಸರಾಸರಿಯ ಎದುರು ಇಟ್ಟು ನೋಡಬೇಕು.

ಎರಡನೆಯ ಕಂಬ ಕಾರಣದ್ದು, ಒಂದೇ ಸಾಲು. ಎಲ್ಲ ಪ್ರಶ್ನೆಗೂ ಕೇಳಿದರೆ ಮಕ್ಕಳು ಆರನೆಯದರಿಂದಲೇ ‘ನಿಯಮದ ಪ್ರಕಾರ’ ಎಂದು ಗೀಚತೊಡಗುತ್ತಾರೆ. 15, 16, 13, 26ರಂಥ ನಾಲ್ಕಕ್ಕೆ ಮಾತ್ರ ಕೇಳಿ. 16ರ ಸುಳ್ಳು ಸರಿಯುತ್ತರವನ್ನು ಹಿಡಿಯಲು ಈ ಒಂದು ಸಾಲಿಗಿಂತ ಅಗ್ಗದ ದಾರಿಯಿಲ್ಲ. 12 ಪ್ರಶ್ನೆ, ಭರವಸೆಯ ಅಂಕಿ, ನಾಲ್ಕು ಕಾರಣ: 40 ನಿಮಿಷದ ಅವಧಿಯಲ್ಲಿ ಮುಗಿಯುತ್ತದೆ.

ಉತ್ತರಗಳನ್ನು ಸ್ಪ್ರೆಡ್‌ಶೀಟಿಗೆ ತುಂಬುವಾಗ ಬಹುತೇಕರು ಮಾಡುವ ತಪ್ಪು ಸರಿಗೆ 1, ತಪ್ಪಿಗೆ 0 ಎಂದು ಹಾಕುವುದು. ಆ ಕ್ಷಣಕ್ಕೆ ಸಾಧನದ ಮುಕ್ಕಾಲು ಪಾಲು ಮಾಹಿತಿ ಕಸದಬುಟ್ಟಿಗೆ ಹೋಯಿತು. ಆಯ್ಕೆಯ ಅಕ್ಷರವನ್ನೇ ತುಂಬಿ, ಆಮೇಲೆ ಪ್ರತಿ ಪ್ರಶ್ನೆಗೆ ಐದು ಆಯ್ಕೆಗಳಿಗೂ ಎಷ್ಟೆಷ್ಟು ಜನ ಎಂದು ಎಣಿಸಿ. 40 ಜನರ ತರಗತಿಯಲ್ಲಿ ಒಂದು ಪ್ರಶ್ನೆಗೆ 6 ಮಂದಿ ಸರಿ, ಉಳಿದವರು ನಾಲ್ಕು ತಪ್ಪು ಆಯ್ಕೆಗಳಲ್ಲಿ 28, 3, 2, 1 ಎಂದು ಹಂಚಿಕೊಂಡಿದ್ದಾರೆ ಎನ್ನಿ. ಇನ್ನೊಂದು ಪ್ರಶ್ನೆಗೆ 9, 9, 8, 7, 7. ಮೊದಲನೆಯದು ಇಡೀ ತರಗತಿ ಹಂಚಿಕೊಂಡ ಒಂದೇ ತಪ್ಪು ಕಲ್ಪನೆ. ಎರಡನೆಯದು ಊಹೆ, ಅಥವಾ ಪ್ರಶ್ನೆಯೇ ಅರ್ಥವಾಗಿಲ್ಲ. ಇದನ್ನು ಒಂದೇ ಅಂಕಿಯಲ್ಲಿ ಹೇಳಲು ಲೀ ಬಾವೋ ಮತ್ತು ಎಡ್ವರ್ಡ್ ರೆಡಿಶ್ 2001ರಲ್ಲಿ ಸಾಂದ್ರತೆಯ ಅಳತೆಯೊಂದನ್ನು ಕೊಟ್ಟಿದ್ದಾರೆ. ಐದು ಎಣಿಕೆಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಒಟ್ಟು ವಿದ್ಯಾರ್ಥಿಗಳಿಂದ ಭಾಗಿಸಿ, 0.447 ಕಳೆದು, 1.81ರಿಂದ ಗುಣಿಸಬೇಕು. ಎಲ್ಲರೂ ಒಂದೇ ಆಯ್ಕೆಗೆ ಬಿದ್ದರೆ 1, ಸಮನಾಗಿ ಚದುರಿದರೆ 0. ಮೇಲಿನ ಮೊದಲ ಪ್ರಶ್ನೆಗೆ 0.50 ಬರುತ್ತದೆ, ಎರಡನೆಯದಕ್ಕೆ ಹೆಚ್ಚು ಕಡಿಮೆ ಸೊನ್ನೆ. ಸರಿಯುತ್ತರ ಶೇಕಡಾ 40ಕ್ಕಿಂತ ಕಡಿಮೆ, ಸಾಂದ್ರತೆ 0.5ರ ಸುತ್ತ ಅಥವಾ ಮೇಲೆ ಇರುವ ಪ್ರಶ್ನೆಗಳನ್ನು ಮೊದಲು ಕೈಗೆತ್ತಿಕೊಳ್ಳಿ. ಪಾಠದ ನಂತರ ಇದೇ ಲೆಕ್ಕ ಮಾಡಿದಾಗ 28 ಇದ್ದದ್ದು 14ಕ್ಕೆ ಇಳಿದು ಇನ್ನೊಂದು ತಪ್ಪು ಆಯ್ಕೆಗೆ 14 ಮಂದಿ ಸರಿದಿರುವುದುಂಟು. ಅಂಕದ ಪಟ್ಟಿಯಲ್ಲಿ ಅದು ಏನೂ ಆಗದಂತೆ ಕಂಡರೂ ಹಳೆಯ ನಂಬಿಕೆ ಒಡೆಯತೊಡಗಿದೆ ಎಂದರ್ಥ.

ಹಾಳೆ ಹೇಳಿದ್ದನ್ನು ಬಾಯಿಂದ ಖಚಿತಪಡಿಸಿಕೊಳ್ಳುವುದು ಕೊನೆಯ ಹಂತ. ಪ್ರತಿ ಬಗೆಯಿಂದ ಒಬ್ಬರಂತೆ ಮೂರು ನಾಲ್ಕು ಜನರನ್ನು ಹತ್ತು ಹತ್ತು ನಿಮಿಷ ಮಾತಾಡಿಸಿದರೆ ಸಾಕು. ‘ಯಾಕೆ ತಪ್ಪು ಮಾಡಿದೆ’ ಎಂದು ಕೇಳಬಾರದು; ಸರಿಯೋ ತಪ್ಪೋ ಹೇಳದೆ ‘ಇದನ್ನು ಹೇಗೆ ಯೋಚಿಸಿದೆ’ ಎಂದಷ್ಟೇ ಕೇಳಿ, ಸನ್ನಿವೇಶವನ್ನು ಕೊಂಚ ತಿರುಗಿಸಿ: ಲಾರಿಯ ಬದಲು ಎರಡೂ ಒಂದೇ ತೂಕದ ಗಾಡಿಗಳಾದರೆ? ಆಗ ‘ಸಮ’ ಎಂದು, ತೂಕ ಬದಲಾದೊಡನೆ ‘ಸಮ ಅಲ್ಲ’ ಎಂದರೆ ನಂಬಿಕೆ ಭಾರದ ಮೇಲೆ ನಿಂತಿದೆ.

ಮೂರನೆಯ ನಿಯಮಕ್ಕೆ ಎರಡು ಸ್ಪ್ರಿಂಗ್ ತಕ್ಕಡಿಗಳನ್ನು ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಎಳೆದು ತೋರಿಸುವುದು ರೂಢಿ. ಒಳ್ಳೆಯದೇ, ಆದರೆ ಇಲ್ಲೊಂದು ಗುಂಡಿಯಿದೆ. ತಕ್ಕಡಿಯ ಸೊನ್ನೆಯನ್ನು ತೂಗುಹಾಕಿದ ಸ್ಥಿತಿಗೆ ಹೊಂದಿಸಿರುತ್ತಾರೆ. ಮೇಜಿನ ಮೇಲೆ ಅಡ್ಡ ಮಲಗಿಸಿದಾಗ ಕೊಕ್ಕೆಯ ಮತ್ತು ಸ್ಪ್ರಿಂಗಿನ ತೂಕ ಎಳೆಯುವುದಿಲ್ಲ, ಮುಳ್ಳು ಸೊನ್ನೆಗಿಂತ ತುಸು ಹಿಂದೆ ಸರಿಯುತ್ತದೆ. ಎರಡು ತಕ್ಕಡಿಗಳಲ್ಲಿ ಇದು ಒಂದೇ ಪ್ರಮಾಣದಲ್ಲಿರುವುದಿಲ್ಲ. ಅರ್ಧ ಗೆರೆಯ ವ್ಯತ್ಯಾಸ ಸಿಕ್ಕರೂ ಸಾಕು, ‘ಜೋರಾಗಿ ಎಳೆದವನದೇ ಹೆಚ್ಚು’ ಎಂದು ಕಾಯುತ್ತಿದ್ದವರಿಗೆ ಸಾಕ್ಷಿ ದೊರೆತಂತೆ. ಅಡ್ಡ ಮಲಗಿಸಿಯೇ ಸೊನ್ನೆ ಹೊಂದಿಸಿ. ಆಮೇಲೂ ವ್ಯತ್ಯಾಸ ಉಳಿದರೆ ತಕ್ಕಡಿಗಳನ್ನು ಅದಲುಬದಲು ಮಾಡಿ, ಹೆಚ್ಚಿನ ಅಂಕಿ ತಕ್ಕಡಿಯ ಜೊತೆಗೇ ಆ ಕಡೆಗೆ ಹೋಗುವುದನ್ನು ತೋರಿಸಿ. ಬಲ ಸಂವೇದಕ ಹಚ್ಚಿದ ಎರಡು ಟ್ರಾಲಿಗಳನ್ನು ಡಿಕ್ಕಿ ಹೊಡೆಸುವುದಾದರೆ ಸೆಕೆಂಡಿಗೆ 50 ಮಾದರಿಯ ವೇಗ ಏನೇನೂ ಸಾಲದು, ಡಿಕ್ಕಿಯ ತುದಿಬಿಂದು ಎರಡು ಅಳತೆಗಳ ನಡುವೆ ತಪ್ಪಿಸಿಕೊಳ್ಳುತ್ತದೆ. 1000ಕ್ಕೆ ಏರಿಸಿ, ಮುಂಭಾಗಕ್ಕೆ ರಬ್ಬರ್ ಅಂಟಿಸಿ ಡಿಕ್ಕಿಯ ಅವಧಿಯನ್ನು ಹಿಗ್ಗಿಸಿ, ಒಂದು ಸಂವೇದಕದ ಚಿಹ್ನೆಯನ್ನು ತಿರುಗಿಸಿ. ಎರಡು ನಕ್ಷೆಗಳು ಅಡ್ಡ ಅಕ್ಷದ ಮೇಲೆ ಕೆಳಗೆ ಕನ್ನಡಿಬಿಂಬದಂತೆ ಮೂಡುತ್ತವೆ. ತೋರಿಸುವ ಮುಂಚೆ ಪ್ರತಿಯೊಬ್ಬರಿಂದ ಏನಾಗುತ್ತದೆ ಎಂದು ಬರೆಸಿಕೊಳ್ಳುವುದನ್ನು ಬಿಡಬಾರದು. ಬರೆಯದವರು ನೋಡಿದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾರೆ.

ಪರೀಕ್ಷೆ ನಡೆಸುವ ಕ್ರಮದಲ್ಲಿ ಕೆಡುವುದೂ ಹೆಚ್ಚು. ಅಂಕಪಟ್ಟಿಗೆ ಸೇರಿಸುತ್ತೇವೆ ಎಂದರೆ ಮಕ್ಕಳು ನಂಬಿದ್ದನ್ನು ಬಿಟ್ಟು ಮೇಷ್ಟ್ರಿಗೆ ಬೇಕಾದದ್ದನ್ನು ಬರೆಯುತ್ತಾರೆ. ಏನೂ ಲೆಕ್ಕವಿಲ್ಲ ಎಂದರೆ ಸಾಲಾಗಿ ಒಂದೇ ಅಕ್ಷರ ಗೀಚಿ ಎದ್ದುಹೋಗುತ್ತಾರೆ. ಹಾಜರಾಗಿ ಪೂರ್ತಿ ಉತ್ತರಿಸಿದ್ದಕ್ಕೆ ಮನ್ನಣೆ, ಸರಿತಪ್ಪಿಗೆ ಇಲ್ಲ ಎಂಬ ನಡುದಾರಿ ಕೆಲಸ ಮಾಡುತ್ತದೆ. ಪ್ರತಿಗಳಿಗೆ ಸಂಖ್ಯೆ ಹಾಕಿ, ಎಣಿಸಿ ಕೊಟ್ಟು ಎಣಿಸಿ ವಾಪಸು ಪಡೆಯಿರಿ. ಪ್ರಶ್ನೆಗಳನ್ನು ಆಮೇಲೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೆ ಎರಡನೆಯ ಸಲ ಅಳೆಯುವುದು ನೆನಪಿನ ಶಕ್ತಿಯನ್ನು. ಮೊದಲ ಸಲ ಬಲದ ಪಾಠ ಶುರುವಾಗುವ ಮುಂಚೆ, ಎರಡನೆಯ ಸಲ ಪಾಠ ಮುಗಿದ ಮೇಲೆ, ಎರಡಕ್ಕೂ ಒಂದೇ ಸಮಯಮಿತಿ.

ಎರಡು ಅಂಕಗಳ ನಡುವಿನ ಏರಿಕೆಯನ್ನು ಹೇಳಲು ರಿಚರ್ಡ್ ಹೇಕ್ ಅವರ ಗಳಿಕೆ ಎಲ್ಲೆಡೆ ಚಲಾವಣೆಯಲ್ಲಿದೆ: ಏರಿದ ಶೇಕಡಾವಾರನ್ನು ಏರಬಹುದಾಗಿದ್ದ ಶೇಕಡಾವಾರಿನಿಂದ ಭಾಗಿಸುವುದು. 40ರಿಂದ 58ಕ್ಕೆ ಬಂದರೆ 18 ಭಾಗಿಸು 60, ಅಂದರೆ 0.30. ಅವರ 1998ರ ಲೇಖನದಲ್ಲಿ 62 ಕೋರ್ಸುಗಳ 6542 ವಿದ್ಯಾರ್ಥಿಗಳಿದ್ದರು, ಅದರಲ್ಲಿ 14 ಹೈಸ್ಕೂಲಿನವು. ಬರೀ ಉಪನ್ಯಾಸದ ತರಗತಿಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳು ಚರ್ಚಿಸಿ, ಕೈಯಾರೆ ಮಾಡಿ ಕಲಿಯುವ ತರಗತಿಗಳದ್ದು 0.48. ನಿಮ್ಮ ಲೆಕ್ಕದಲ್ಲಿ ಎರಡೂ ಸಲ ಬರೆದವರನ್ನು ಮಾತ್ರ ಸೇರಿಸಿ. ನಡುವೆ ಬಿಟ್ಟುಹೋದವರು ಸಾಮಾನ್ಯವಾಗಿ ಹಿಂದುಳಿದವರೇ ಆಗಿರುವುದರಿಂದ, ಇದ್ದವರನ್ನೆಲ್ಲ ಹಿಡಿದರೆ ಪಾಠ ಮಾಡದೆಯೂ ಸರಾಸರಿ ಏರುತ್ತದೆ.

ಎಫ್‌ಸಿಐ ತಲುಪದ ಕಡೆಗೆ ಬೇರೆ ಪತ್ರಿಕೆಗಳಿವೆ. ನಕ್ಷೆ ಓದುವುದೇ ತೊಂದರೆ ಅನ್ನಿಸಿದರೆ ರಾಬರ್ಟ್ ಬೈಕ್ನರ್ 1994ರಲ್ಲಿ ಪ್ರಕಟಿಸಿದ ಟಗ್‌-ಕೆ ಮೊದಲು ಕೊಡಿ. ಸ್ಥಾನ–ಕಾಲ ನಕ್ಷೆಯ ಎತ್ತರವನ್ನೇ ಜವ ಎಂದು ಓದುವವರಿಗೆ 19ರ ತಪ್ಪೂ ಅಲ್ಲಿಂದಲೇ ಬಂದಿರಬಹುದು. ಥಾರ್ನ್‌ಟನ್ ಮತ್ತು ಸೊಕೊಲಾಫ್ ಅವರ ಎಫ್‌ಎಂಸಿಇ ಸರಳರೇಖೆಯ ಚಲನೆಯನ್ನೇ ಹಿಡಿದು ಆಳಕ್ಕೆ ಇಳಿಯುತ್ತದೆ, ಬಲದ ನಕ್ಷೆಗಳನ್ನೂ ಕೇಳುತ್ತದೆ, ಆದರೆ ಉದ್ದ. ವಿದ್ಯುತ್ ಮಂಡಲಗಳಿಗೆ ಎಂಗೆಲ್‌ಹಾರ್ಟ್ ಮತ್ತು ಬೈಕ್ನರ್ 2004ರಲ್ಲಿ ಪ್ರಕಟಿಸಿದ 29 ಪ್ರಶ್ನೆಗಳ ಡೈರೆಕ್ಟ್: ಬಲ್ಬಿನಲ್ಲಿ ವಿದ್ಯುತ್ ಪ್ರವಾಹ ‘ಖರ್ಚಾಗುತ್ತದೆ’ ಎನ್ನುವವರು, ಯಾವ ಮಂಡಲಕ್ಕಾದರೂ ಬ್ಯಾಟರಿ ಒಂದೇ ಪ್ರಮಾಣದ ಪ್ರವಾಹ ಕೊಡುತ್ತದೆ ಎನ್ನುವವರು ಅದರಲ್ಲಿ ಸಿಗುತ್ತಾರೆ. ಅಲ್ಲಿಯೂ ಭರವಸೆಯ ಕಂಬ ಹಾಕಿ, ಅಕ್ಷರಗಳನ್ನೇ ತುಂಬಿ.